ಬರವನ್ನು ಅಳೆಯುವ ಬಗೆ

ಪ್ರವಾಹ ಬಂದಿತೆಂದು ಯಾರೂ ಸಾರಿ ಹೇಳಬೇಕಾಗಿಲ್ಲ. ನದಿಯು ದಡ ಮೀರಿ ಮನೆಯೊಳಗೆ ನುಗ್ಗಿದಾಗ ಎಳೆಯ ಮಗುವಿಗೂ ಅದು ತಿಳಿಯುತ್ತದೆ. ಭೂಕಂಪವೂ ಹಾಗೆಯೇ, ಅದು ಸಂಭವಿಸಿದ ಗಳಿಗೆಯನ್ನು ಸೆಕೆಂಡಿನ ಮಟ್ಟಿಗೆ ಹೇಳಬಹುದು. ಬರದ ಸ್ವಭಾವ ಬೇರೆ. ಬರ ಬಂದ ದಿನ ಯಾವುದು? ಬೀಳಬೇಕಾಗಿದ್ದ ಮಳೆ ಬೀಳದೆ ಹೋದ ಮೊದಲನೆಯ ದಿನವೆ? ಹೊಲದಲ್ಲಿ ಪೈರು ಬಾಡಿದ ದಿನವೆ? ಕೆರೆಯ ತಳ ಕಂಡ ದಿನವೆ? ಕೊಳವೆ ಬಾವಿಯಿಂದ ನೀರಿಗೆ ಬದಲಾಗಿ ಗಾಳಿ ಬಂದ ದಿನವೆ? ಯಾವ ದಿನವನ್ನು ಆರಿಸಿಕೊಂಡರೂ ಅದಕ್ಕೂ ಅದರ ಹಿಂದಿನ ದಿನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ.

ಆದುದರಿಂದಲೇ ಬರವನ್ನು ಯಾರಾದರೊಬ್ಬರು ಘೋಷಿಸಬೇಕಾಗುತ್ತದೆ. ನಮ್ಮ ದೇಶದಲ್ಲಿ ಈ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ. ಇಂಥ ತಾಲ್ಲೂಕು ಬರಪೀಡಿತವೆಂದು ಸರ್ಕಾರ ಆಜ್ಞೆ ಹೊರಡಿಸಿದ ಮೇಲೆ ಅಲ್ಲಿನ ರೈತನ ಬೆಳೆಸಾಲದ ಕಂತುಗಳನ್ನು ಮುಂದೂಡಲು ದಾರಿಯಾಗುತ್ತದೆ. ಬೆಳೆನಷ್ಟಕ್ಕೆ ಪರಿಹಾರ ಕೇಳಬಹುದು. ದನಗಳಿಗೆ ಮೇವು, ಜನರಿಗೆ ಟ್ಯಾಂಕರ್ ನೀರು ಒದಗಿಸಲು ಹಣ ಬಿಡುಗಡೆಯಾಗುತ್ತದೆ. ಆಜ್ಞೆಯಲ್ಲಿ ಹೆಸರಿಲ್ಲದ ನೆರೆಯ ತಾಲ್ಲೂಕಿಗೆ ಈ ಸೌಲಭ್ಯಗಳಿಲ್ಲ. ಒಂದೇ ಬದುವಿನ ಎರಡು ಮಗ್ಗುಲಲ್ಲಿರುವ ಇಬ್ಬರು ರೈತರ ಭವಿಷ್ಯವನ್ನು ಕೆಲವು ಅಂಕಿಗಳು ಬೇರ್ಪಡಿಸಬಲ್ಲವು. ಆ ಅಂಕಿಗಳು ಎಲ್ಲಿಂದ ಬರುತ್ತವೆ? ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಘೋಷಣೆಯಾದ ಬಳಿಕ ಉಳಿದಿರುವ ನೀರನ್ನು ಯಾವ ಲೆಕ್ಕದ ಮೇಲೆ ಹಂಚುತ್ತಾರೆ? ಕರ್ನಾಟಕದ ೨೦೨೩–೨೪ರ ಬರವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸೋಣ.

ಹಸಿವೇ ಮಾಪಕವಾಗಿದ್ದ ಕಾಲ

೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಕ್ಷಾಮ ಮೈಸೂರು ಸಂಸ್ಥಾನವನ್ನು ಬಹುವಾಗಿ ಪೀಡಿಸಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಈ ದುರಂತದ ತರುವಾಯ ೧೮೮೦ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು. ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಧಾನ್ಯದ ಬೆಲೆ ಏರುತ್ತಿದೆಯೆ, ಜನರು ಊರು ಬಿಟ್ಟು ಅಲೆಯುತ್ತಿದ್ದಾರೆಯೆ, ಕಳ್ಳತನಗಳು ಹೆಚ್ಚಿವೆಯೆ ಎಂಬುದನ್ನು ಅಧಿಕಾರಿಗಳು ಗಮನಿಸುತ್ತಿರಬೇಕೆಂದು ಅವು ವಿಧಿಸಿದವು. ಸಂಶಯವಿದ್ದ ಕಡೆ ಪರೀಕ್ಷಾರ್ಥವಾಗಿ ರಸ್ತೆಯ ಅಥವಾ ಕೆರೆಯ ಕೆಲಸವೊಂದನ್ನು ತೆರೆಯುತ್ತಿದ್ದರು. ಅಲ್ಲಿ ದುಡಿಮೆ ಕಠಿಣ, ಕೂಲಿ ಅತ್ಯಲ್ಪ. ಅಷ್ಟಿದ್ದರೂ ಜನರು ಗುಂಪುಗುಂಪಾಗಿ ಬಂದರೆ ಅಲ್ಲಿ ಅಭಾವವಿರುವುದು ನಿಜವೆಂದು ತೀರ್ಮಾನಿಸುತ್ತಿದ್ದರು.

ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದೂ ಒಂದು ಮಾಪನವೇ. ಇಲ್ಲಿ ಉಪಕರಣದ ಸ್ಥಾನದಲ್ಲಿ ಇದ್ದುದು ಮನುಷ್ಯನ ದೇಹ. ಈ ಮಾಪಕ ಸುಳ್ಳು ಹೇಳುವುದು ಅಪೂರ್ವ. ಹೊಟ್ಟೆ ತುಂಬಿದವನು ಅರೆಕೂಲಿಗೆ ಕಲ್ಲು ಒಡೆಯಲು ಬಾರನು. ಆದರೆ ಅದು ಸತ್ಯವನ್ನು ಹೇಳುವ ವೇಳೆಗೆ ಬಹಳ ತಡವಾಗಿರುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಆಣೆವಾರಿ ಪದ್ಧತಿ. ಪೂರ್ಣ ಬೆಳೆಯನ್ನು ೧೬ ಆಣೆಯೆಂದು ಎಣಿಸಿ, ಈ ವರ್ಷದ ಬೆಳೆ ಎಷ್ಟು ಆಣೆ ಎಂಬುದನ್ನು ಕಂದಾಯದ ಅಧಿಕಾರಿಗಳು ಅಂದಾಜು ಮಾಡುತ್ತಿದ್ದರು. ದಶಮಾನ ನಾಣ್ಯ ಬಂದ ಮೇಲೆ ಇದೇ ಪೈಸೆವಾರಿ ಎನಿಸಿತು. ಹಸಿವಿನ ಬದಲು ಬೆಳೆಯನ್ನು ಅಳೆಯುವುದರಿಂದ ಕೆಲವು ತಿಂಗಳುಗಳ ಲಾಭವೇನೋ ಉಂಟು. ಆದರೂ ಪೈರು ಕೊಯ್ಲಿಗೆ ಬರುವವರೆಗೆ ಈ ಅಳತೆಗೆ ಅರ್ಥವಿಲ್ಲ. ಅಲ್ಲದೆ ಕಣ್ಣಳತೆಯ ಮೇಲೆ ನಿಂತದ್ದರಿಂದ ಅಧಿಕಾರಿಗೂ ರೈತನಿಗೂ ವಾಗ್ವಾದ ತಪ್ಪುತ್ತಿರಲಿಲ್ಲ.

ಹಸಿವಿಗಿಂತ ಮೊದಲು ಬೆಳೆ ಕೆಡುತ್ತದೆ. ಬೆಳೆಗಿಂತ ಮೊದಲು ಮಣ್ಣು ಒಣಗುತ್ತದೆ. ಮಣ್ಣಿಗಿಂತ ಮೊದಲು ಮಳೆ ಕೈಕೊಡುತ್ತದೆ. ಈ ಸರಣಿಯಲ್ಲಿ ಹಿಂದು ಹಿಂದಕ್ಕೆ ಹೋದಷ್ಟೂ ನಮಗೆ ಸಿದ್ಧತೆಗೆ ಹೆಚ್ಚು ಕಾಲ ದೊರೆಯುತ್ತದೆ. ಅದರೊಂದಿಗೆ ಅನಿಶ್ಚಿತತೆಯೂ ಹೆಚ್ಚುತ್ತದೆ; ಏಕೆಂದರೆ ಮೂರು ವಾರ ಮಳೆ ನಿಂತ ಮಾತ್ರಕ್ಕೆ ಬೆಳೆ ಹೋಗಿಯೇ ಹೋಗುತ್ತದೆಂದು ಹೇಳುವಂತಿಲ್ಲ. ಬೇಗ ಹೇಳಬೇಕು, ತಪ್ಪದೆಯೂ ಹೇಳಬೇಕು. ಬರದ ಮಾಪನದ ತೊಡಕೆಲ್ಲ ಇದೇ.

ಮಳೆಯ ಲೆಕ್ಕ

ಇಂದು ಘೋಷಣೆಗೆ ಆಧಾರವಾಗಿರುವುದು ಭಾರತ ಸರ್ಕಾರ ೨೦೧೬ರಲ್ಲಿ ಪರಿಷ್ಕರಿಸಿದ ಬರ ನಿರ್ವಹಣೆಯ ಕೈಪಿಡಿ. ಅದರ ಮೊದಲನೆಯ ಮೆಟ್ಟಿಲು ಮಳೆ.

ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುವುದು ವಾಡಿಕೆ. ೧ ಮಿಲಿಮೀಟರ್ ಮಳೆಯೆಂದರೆ ೧ ಚದರ ಮೀಟರ್ ನೆಲದ ಮೇಲೆ ೧ ಲೀಟರ್ ನೀರು. ಒಂದು ಎಕರೆಯ ವಿಸ್ತೀರ್ಣ ೪,೦೪೭ ಚದರ ಮೀಟರ್. ಆದುದರಿಂದ ೧ ಮಿಲಿಮೀಟರ್ ಮಳೆ ಬಿದ್ದರೆ ಎಕರೆಗೆ ಸುಮಾರು ೪,೦೦೦ ಲೀಟರ್ ನೀರು ದೊರೆತಂತಾಯಿತು. ಸಂಖ್ಯೆ ದೊಡ್ಡದಾಗಿ ತೋರಿದರೂ ಪೈರಿಗೆ ಇದು ಏನೇನೂ ಅಲ್ಲ. ಮಣ್ಣಿನ ಮೇಲ್ಪದರವನ್ನು ನೆನೆಸಿ ಮಧ್ಯಾಹ್ನದೊಳಗೆ ಆವಿಯಾಗಿ ಹೋಗುತ್ತದೆ. ಇದಕ್ಕಾಗಿ ದಿನಕ್ಕೆ ಕನಿಷ್ಠ ೨.೫ ಮಿಲಿಮೀಟರ್ ಬಿದ್ದರೆ ಮಾತ್ರ ಅದನ್ನು ಮಳೆಯ ದಿನವೆಂದು ಹವಾಮಾನ ಇಲಾಖೆ ಎಣಿಸುತ್ತದೆ.

ಅನೇಕ ವರ್ಷಗಳ ಸರಾಸರಿಗೆ ವಾಡಿಕೆ ಮಳೆ ಎಂದು ಹೆಸರು. ಬಿದ್ದ ಮಳೆ ಇದಕ್ಕಿಂತ ಶೇಕಡ ೨೦ರಿಂದ ೫೯ರಷ್ಟು ಕಡಿಮೆಯಿದ್ದರೆ ಕೊರತೆ. ಶೇಕಡ ೬೦ ಅಥವಾ ಅದಕ್ಕೂ ಹೆಚ್ಚು ಕಡಿಮೆಯಿದ್ದರೆ ತೀವ್ರ ಕೊರತೆ. ಈ ಅಳತೆ ಸುಲಭವಾದುದು. ಆದರೆ ಇದರಲ್ಲಿ ಒಂದು ನ್ಯೂನತೆ ಉಂಟು. ಎರಡು ಊರುಗಳನ್ನು ಊಹಿಸಿಕೊಳ್ಳಿ. ಎರಡರಲ್ಲಿಯೂ ವಾಡಿಕೆ ಮಳೆ ೬೦೦ ಮಿಲಿಮೀಟರ್. ಮೊದಲನೆಯ ಊರಿನಲ್ಲಿ ಮಳೆ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗದು; ಅದರ ಮಾನಕ ವಿಚಲನೆ ೬೦ ಮಿಲಿಮೀಟರ್. ಎರಡನೆಯ ಊರಿನದು ಚಂಚಲವಾದ ಮಳೆ. ಅಲ್ಲಿ ವಿಚಲನೆ ೨೦೦ ಮಿಲಿಮೀಟರ್. ಈ ವರ್ಷ ಎರಡೂ ಊರುಗಳಲ್ಲಿ ೪೮೦ ಮಿಲಿಮೀಟರ್ ಬಿದ್ದಿದೆ ಎನ್ನೋಣ. ಎರಡರಲ್ಲೂ ಶೇಕಡ ೨೦ರ ಕೊರತೆ. ಆದರೆ ಕೊರತೆಯಾದ ೧೨೦ ಮಿಲಿಮೀಟರನ್ನು ವಿಚಲನೆಯಿಂದ ಭಾಗಿಸಿದರೆ ಮೊದಲನೆಯ ಊರಿಗೆ –೨ ಎಂದೂ ಎರಡನೆಯ ಊರಿಗೆ –೦.೬ ಎಂದೂ ಬರುತ್ತದೆ. ಎರಡನೆಯ ಊರಿನವರು ಇಂಥ ವರ್ಷಗಳನ್ನು ಎಷ್ಟೋ ಕಂಡಿದ್ದಾರೆ. ಅದಕ್ಕೆ ತಕ್ಕ ಬೆಳೆಯನ್ನೇ ಬಿತ್ತುತ್ತಾರೆ. ಮೊದಲನೆಯ ಊರಿನವರಿಗಾದರೋ ಇದು ಅಪೂರ್ವವಾದ ವಿಪತ್ತು. ಸ್ಥೂಲವಾಗಿ ಹೇಳುವುದಾದರೆ, ಪ್ರಮಾಣೀಕೃತ ಮಳೆ ಸೂಚ್ಯಂಕವೆಂಬುದು ಈ ಬಗೆಯ ಭಾಗಲಬ್ಧ. ಕೈಪಿಡಿಯು ಶೇಕಡವಾರು ಕೊರತೆಯ ಜೊತೆಗೆ ಇದನ್ನೂ ಸ್ವೀಕರಿಸಿದೆ.

ಮಳೆ ಎಷ್ಟು ಬಿದ್ದಿತೆಂಬುದರಷ್ಟೇ ಯಾವಾಗ ಬಿದ್ದಿತೆಂಬುದೂ ಮುಖ್ಯ. ಮುಂಗಾರು ಹಿಡಿದ ಮೇಲೆ ಮೂರು ನಾಲ್ಕು ವಾರ ಒಂದೇ ಸಮನೆ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದನ್ನು ಒಣಹವೆಯ ಅವಧಿ ಎನ್ನುತ್ತಾರೆ. ಒಟ್ಟು ಮಳೆ ವಾಡಿಕೆಯಷ್ಟಿದ್ದರೂ ಇಂಥ ಅವಧಿ ನಡುವೆ ಬಂದಿದ್ದರೆ ಎಚ್ಚರಿಕೆಯ ಗಂಟೆ ಬಾರಿಸಲು ಅವಕಾಶವಿದೆ. ೨೦೨೩ರಲ್ಲಿ ಕರ್ನಾಟಕದಲ್ಲಿ ನಡೆದುದನ್ನು ನೋಡಿದರೆ ಈ ನಿಯಮದ ಔಚಿತ್ಯ ಮನವರಿಕೆಯಾಗುತ್ತದೆ. ಆ ವರ್ಷ ಜೂನ್ ತಿಂಗಳ ಮಳೆ ವಾಡಿಕೆಯ ಅರ್ಧಕ್ಕೂ ಕಡಿಮೆ. ಜುಲೈ ತಿಂಗಳಲ್ಲಿ ವಾಡಿಕೆಯನ್ನು ಮೀರಿ ಸುರಿಯಿತು. ರೈತರು ಆಸೆಯಿಂದ ಬಿತ್ತಿದರು. ಆಗಸ್ಟಿನಲ್ಲಿ ವಾಡಿಕೆಯ ಮೂರನೆಯ ಒಂದು ಪಾಲೂ ಬೀಳಲಿಲ್ಲ. ನಾಲ್ಕು ತಿಂಗಳ ಒಟ್ಟು ಲೆಕ್ಕದಲ್ಲಿ ಕೊರತೆ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಆದರೆ ಆಗಸ್ಟಿನಲ್ಲಿ ಒಣಗಿದ ಪೈರಿಗೆ ಸರಾಸರಿಯಿಂದ ಯಾವ ಸಮಾಧಾನವೂ ಇಲ್ಲ.

ಈ ಮಳೆಯನ್ನು ಅಳೆಯುವವರು ಯಾರು? ಒಂದು ತಾಲ್ಲೂಕಿಗೆ ಒಂದೆರಡು ಮಳೆಮಾಪಕಗಳಿದ್ದ ಕಾಲದಲ್ಲಿ ಕಚೇರಿಯ ಅಂಗಳದಲ್ಲಿ ಬಿದ್ದ ಹನಿಗಳೇ ಇಡೀ ತಾಲ್ಲೂಕಿನ ಮಳೆಯಾಗುತ್ತಿದ್ದವು. ಮುಂಗಾರಿನ ಮೋಡ ಒಂದು ಊರಿನ ಮೇಲೆ ಸುರಿದು ಪಕ್ಕದ ಊರನ್ನು ಒಣಗಿಸಿ ಹೋಗುವುದನ್ನು ಬಲ್ಲವರಿಗೆ ಇದರ ಅನ್ಯಾಯ ತಿಳಿದೀತು. ಕರ್ನಾಟಕದಲ್ಲಿ ೧೯೮೮ರಲ್ಲಿ ಬರದ ಉಸ್ತುವಾರಿಗೆಂದೇ ಒಂದು ಘಟಕ ಆರಂಭವಾಯಿತು. ಅದೇ ಬೆಳೆದು ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯತಿಗೊಂದರಂತೆ ಸ್ವಯಂಚಾಲಿತ ಮಾಪಕಗಳನ್ನು ಈ ಕೇಂದ್ರ ಸ್ಥಾಪಿಸಿತು. ಸುಮಾರು ೬,೫೦೦ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ವರದಿ ಕಳುಹಿಸುವ ಏರ್ಪಾಡು ಅದು. ರಾಜ್ಯದ ವಿಸ್ತೀರ್ಣವಾದ ೧,೯೧,೭೯೧ ಚದರ ಕಿಲೋಮೀಟರನ್ನು ಹಂಚಿದರೆ ಸುಮಾರು ೩೦ ಚದರ ಕಿಲೋಮೀಟರಿಗೆ ಒಂದು ಮಾಪಕ ಬರುತ್ತದೆ. ಇದು ಬಹಳ ದೊಡ್ಡ ಸುಧಾರಣೆ. ಆದರೂ ಅಷ್ಟು ನೆಲದ ಪರವಾಗಿ ಸಾಕ್ಷಿ ನುಡಿಯುವುದು ಊಟದ ತಟ್ಟೆಯಷ್ಟು ಅಗಲದ ಒಂದು ಬಾಯಿ ಎಂಬುದನ್ನು ಮರೆಯಬಾರದು. ಇದೊಂದನ್ನೇ ನಂಬುವಂತಿಲ್ಲ.

ಇನ್ನುಳಿದ ಸಾಕ್ಷಿಗಳು

ಅದಕ್ಕಾಗಿ ಎರಡನೆಯ ಮೆಟ್ಟಿಲಿನಲ್ಲಿ ನಾಲ್ಕು ಬಗೆಯ ಸಾಕ್ಷ್ಯಗಳನ್ನು ಕೂಡಿಸಿ ನೋಡುತ್ತಾರೆ: ಬಿತ್ತನೆಯಾದ ನೆಲದ ವಿಸ್ತೀರ್ಣ, ಉಪಗ್ರಹ ಕಂಡ ಹಸುರು, ಮಣ್ಣಿನ ತೇವ, ಮತ್ತು ಜಲಾಶಯ, ಹೊಳೆ, ಅಂತರ್ಜಲಗಳ ಸ್ಥಿತಿ.

ಉಪಗ್ರಹವು ಹಸುರನ್ನು ಅಳೆಯುವ ಉಪಾಯ ಸೊಗಸಾಗಿದೆ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಆಹಾರ ತಯಾರಿಕೆಗಾಗಿ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹಿಂದಕ್ಕೆ ಎಸೆಯುತ್ತದೆ. ಬಾಡಿದ ಎಲೆಯಲ್ಲಿ ಈ ಎರಡರ ಅಂತರ ಕುಗ್ಗುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ದೊರೆಯುತ್ತದೆ. ಒಂದು ಹೊಲ ಅವಕೆಂಪಿನಲ್ಲಿ ಶೇಕಡ ೫೦ರಷ್ಟನ್ನೂ ಕೆಂಪಿನಲ್ಲಿ ಶೇಕಡ ೮ರಷ್ಟನ್ನೂ ಪ್ರತಿಫಲಿಸಿದರೆ ಸೂಚ್ಯಂಕ ೪೨/೫೮, ಅಂದರೆ ಸುಮಾರು ೦.೭೨. ಪೈರು ಬಾಡಿ ಅವು ೩೦ ಮತ್ತು ೨೦ ಆದರೆ ಸೂಚ್ಯಂಕ ೧೦/೫೦, ಅಂದರೆ ೦.೨. ಹೀಗೆ ಭಾಗಿಸುವುದರಿಂದ ಬಿಸಿಲಿನ ಹೆಚ್ಚುಕಡಿಮೆಗಳ ಪ್ರಭಾವ ಬಹುಪಾಲು ಅಳಿಸಿಹೋಗುತ್ತದೆ.

ಆದರೆ ಉಪಗ್ರಹಕ್ಕೆ ಹಸುರು ಕಾಣುತ್ತದೆಯೇ ಹೊರತು ರಾಗಿಯಲ್ಲ. ಬದುವಿನ ಬಳ್ಳಾರಿ ಜಾಲಿಯೂ ಅದಕ್ಕೆ ಹಸುರೇ. ಆಗಸ್ಟಿನಲ್ಲಿ ಒಣಗಿದ ಪೈರು ಸೆಪ್ಟೆಂಬರಿನ ಒಂದೆರಡು ಹನಿಗೆ ಮತ್ತೆ ಎಲೆ ಚಿಗುರಿಸಿ ನಿಲ್ಲಬಹುದು. ಆದರೆ ತೆನೆ ಕಟ್ಟುವ ಕಾಲ ಮೀರಿರುತ್ತದೆ. ದೂರದಿಂದ ನೋಡಿದವರಿಗೆ ಹೊಲ ತುಂಬಿದೆ. ಒಳಹೊಕ್ಕು ನೋಡಿದರೆ ಕಾಳಿಲ್ಲ. ೨೦೨೩ರಲ್ಲಿ ಹಸುರು ಬರವೆಂಬ ಮಾತು ಬಳಕೆಗೆ ಬಂದುದು ಈ ಕಾರಣದಿಂದ.

ಮಣ್ಣಿನ ತೇವದ ವಿಷಯವೂ ಸೂಕ್ಷ್ಮವಾದುದು. ಚೆನ್ನಾಗಿ ನೆನೆದ ಮಣ್ಣಿನಿಂದ ಹೆಚ್ಚಿನ ನೀರು ಬಸಿದುಹೋದ ಮೇಲೆ ಉಳಿಯುವುದು ಒಂದು ಮಿತಿ. ಇದಕ್ಕಿಂತ ಕಡಿಮೆಯಾದರೆ ಬೇರಿಗೆ ನೀರನ್ನು ಎಳೆದುಕೊಳ್ಳಲಾಗದು ಎಂಬುದು ಇನ್ನೊಂದು ಮಿತಿ. ಇವೆರಡರ ನಡುವಿನ ನೀರೇ ಪೈರಿನ ಉಳಿತಾಯ ಖಾತೆ. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಈ ಖಾತೆ ದೊಡ್ಡದು. ದಕ್ಷಿಣದ ಕೆಂಪು ಮರಳು ಮಣ್ಣಿನಲ್ಲಿ ಚಿಕ್ಕದು. ಒಂದೇ ಅವಧಿಯ ಒಣಹವೆ ಒಂದು ಕಡೆ ಸಹ್ಯವಾಗಿ ಇನ್ನೊಂದು ಕಡೆ ಮಾರಕವಾಗುವುದು ಹೀಗೆ.

ಇಷ್ಟೂ ಆದ ಮೇಲೆ ಮೂರನೆಯ ಮೆಟ್ಟಿಲು. ಬಾಧಿತ ತಾಲ್ಲೂಕಿನ ಹಳ್ಳಿಗಳಲ್ಲಿ ಶೇಕಡ ೧೦ರಷ್ಟನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಅಧಿಕಾರಿಗಳು ಹೊಲಕ್ಕೇ ಹೋಗಿ ನೋಡಬೇಕು. ಹಳ್ಳಿಗಳನ್ನು ಮನುಷ್ಯರು ಆರಿಸಬಾರದೇಕೆ? ಆರಿಸುವವನು ತಿಳಿದೋ ತಿಳಿಯದೆಯೋ ರಸ್ತೆಗೆ ಹತ್ತಿರವಾದ, ಇಲ್ಲವೆ ಕೂಗು ಜೋರಾಗಿರುವ ಊರನ್ನೇ ಆರಿಸಿಯಾನು. ಬೆಳೆನಷ್ಟ ಶೇಕಡ ೩೩ನ್ನು ಮೀರಿದರೆ ಸಾಧಾರಣ ಬರ. ಶೇಕಡ ೫೦ನ್ನು ಮೀರಿದರೆ ತೀವ್ರ ಬರ. ರಾಷ್ಟ್ರೀಯ ವಿಪತ್ತು ನಿಧಿಯ ನೆರವು ತೀವ್ರ ಬರಕ್ಕೆ ಮೀಸಲು. ಮುಂಗಾರಿನ ಬರವನ್ನು ಅಕ್ಟೋಬರ್ ಕೊನೆಯೊಳಗೂ ಹಿಂಗಾರಿನ ಬರವನ್ನು ಮಾರ್ಚ್ ಕೊನೆಯೊಳಗೂ ಘೋಷಿಸಬೇಕೆಂದು ಕೈಪಿಡಿಯ ಸೂಚನೆ.

ಕರ್ನಾಟಕ ಸರ್ಕಾರ ೨೦೨೩ರ ಸೆಪ್ಟೆಂಬರ್ ಮಧ್ಯದಲ್ಲಿ ೧೯೫ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಮುಂದಿನ ಎರಡು ತಿಂಗಳಲ್ಲಿ ಈ ಸಂಖ್ಯೆ ೨೨೩ಕ್ಕೆ ಏರಿತು. ಅವುಗಳಲ್ಲಿ ೧೯೬ ತೀವ್ರ ಬರದವು. ರಾಜ್ಯದಲ್ಲಿ ಇದ್ದುದೇ ೨೩೬ ತಾಲ್ಲೂಕುಗಳು.

ಬರವು ನೆಲದೊಳಗೆ ಇಳಿಯುವ ಹಾದಿ

ಸೆಪ್ಟೆಂಬರಿನಲ್ಲಿ ಘೋಷಿತವಾದ ಬರದಲ್ಲಿ ಕುಡಿಯುವ ನೀರಿನ ಕೂಗು ಎದ್ದುದು ಮುಂದಿನ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ. ಇಷ್ಟು ಅಂತರವೇಕೆ? ಮಳೆಯ ಕೊರತೆ ಮಣ್ಣನ್ನು ಮುಟ್ಟಲು ವಾರಗಳು ಸಾಕು. ಕೆರೆ, ಹೊಳೆಗಳನ್ನು ಮುಟ್ಟಲು ತಿಂಗಳುಗಳು ಬೇಕು. ಅಂತರ್ಜಲವನ್ನು ಅದು ಕಟ್ಟಕಡೆಗೆ ಮುಟ್ಟುತ್ತದೆ.

ದಕ್ಷಿಣ ಕರ್ನಾಟಕದ ಬಹುಭಾಗದ ತಳದಲ್ಲಿರುವುದು ಗಟ್ಟಿ ಕಲ್ಲು. ನೀರು ಕಲ್ಲಿನ ಬಿರುಕುಗಳಲ್ಲಿ ಮಾತ್ರ ನಿಲ್ಲಬಲ್ಲುದು. ಇಂಥ ಕಲ್ಲಿನ ನೂರು ಪಾಲು ಗಾತ್ರದಲ್ಲಿ ಬಾವಿಗೆ ಬಸಿದು ಬರುವ ನೀರು ಎರಡು ಪಾಲೆಂದು ಭಾವಿಸಿ. ಆಗ ೨೦ ಮಿಲಿಮೀಟರಿನಷ್ಟು ನೀರನ್ನು ಮೇಲೆತ್ತಿದರೆ ಜಲಮಟ್ಟ ೧ ಮೀಟರ್ ಕುಸಿಯುತ್ತದೆ. ಮಳೆಗಾಲದಲ್ಲಿ ಆ ೨೦ ಮಿಲಿಮೀಟರ್ ಇಂಗದೆ ಹೋದರೆ ಕುಸಿದದ್ದು ಮೇಲೇಳುವುದಿಲ್ಲ. ಅಲ್ಲದೆ ಮಳೆಯಿಲ್ಲದ ವರ್ಷದಲ್ಲಿಯೇ ರೈತನು ಪೈರುಳಿಸಲು ಪಂಪನ್ನು ಹೆಚ್ಚು ಹೊತ್ತು ಓಡಿಸುತ್ತಾನೆ. ಜಮೆ ನಿಂತ ವರ್ಷವೇ ಖರ್ಚು ಇಮ್ಮಡಿಸುತ್ತದೆ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಕೊಳವೆ ಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದುವೆಂದು ಸರ್ಕಾರವೇ ಪ್ರಕಟಿಸಿತು. ಕಾವೇರಿಯ ಕೊಳವೆಗಳಿದ್ದ ಹಳೆಯ ಬಡಾವಣೆಗಳಿಗಿಂತ, ಕೊಳವೆ ಬಾವಿಗಳನ್ನೇ ನಂಬಿದ್ದ ನಗರದ ಹೊರವಲಯ ಹೆಚ್ಚು ಬವಣೆಪಟ್ಟಿತು.

ಜಲಾಶಯದ ಜಮಾಖರ್ಚು

ಘೋಷಣೆಯ ಬಳಿಕ ಆಡಳಿತದ ಮುಂದಿರುವ ಮುಖ್ಯ ಕೆಲಸ ಒಂದು ಸರಳ ಸಮೀಕರಣವನ್ನು ಬಿಡಿಸುವುದು. ನಾಳಿನ ಸಂಗ್ರಹವೆಂದರೆ ಇಂದಿನ ಸಂಗ್ರಹಕ್ಕೆ ಒಳಹರಿವನ್ನು ಕೂಡಿಸಿ, ಬಳಕೆಯನ್ನೂ ಆವಿಯಾದುದನ್ನೂ ಕಳೆದ ಮೊತ್ತ. ಬೇಸಗೆಯಲ್ಲಿ ಒಳಹರಿವು ಶೂನ್ಯಕ್ಕೆ ಸಮೀಪ. ಮುಂದಿನ ಮುಂಗಾರು ಜೂನ್ ತಿಂಗಳಲ್ಲಿ ಬಂದರೂ ಜಲಾಶಯಕ್ಕೆ ನೀರು ಸೇರುವುದು ಇನ್ನೂ ತಡವಾದೀತು.

ಜಲಾಶಯದ ನೀರನ್ನು ಎಣಿಸುವ ಮಾನ ಟಿ.ಎಂ.ಸಿ., ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಇದು ಸುಮಾರು ೨,೮೩೨ ಕೋಟಿ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿಗೆ ಕಾವೇರಿಯಿಂದ ದಿನಕ್ಕೆ ಸುಮಾರು ೧೪೫ ಕೋಟಿ ಲೀಟರ್ ಬರುತ್ತಿತ್ತು. ಮಾರ್ಚ್ ಒಂದರಿಂದ ಜೂನ್ ಕೊನೆಯವರೆಗಿನ ೧೨೨ ದಿನಗಳಿಗೆ ಇದು ೧೭,೬೯೦ ಕೋಟಿ ಲೀಟರ್. ಎಂದರೆ ಸುಮಾರು ೬.೨೫ ಟಿ.ಎಂ.ಸಿ. ತುಂಬಿದ ಕೃಷ್ಣರಾಜಸಾಗರದಲ್ಲಿ ೪೯.೪೫ ಟಿ.ಎಂ.ಸಿ. ನಿಲ್ಲುತ್ತದೆ. ಇಷ್ಟನ್ನು ನೋಡಿ ನಿಶ್ಚಿಂತೆಯಾಗಿರಬಹುದೆ? ಇಲ್ಲ. ಜಲಾಶಯದ ತಳದ ನೀರನ್ನು ಹೊರಗೆ ಬಿಡಲಾಗುವುದಿಲ್ಲ. ಮೈಸೂರು, ಮಂಡ್ಯ ಮತ್ತು ನೂರಾರು ಹಳ್ಳಿಗಳಿಗೂ ಕುಡಿಯುವ ನೀರು ಬೇಕು. ಅಚ್ಚುಕಟ್ಟಿನ ರೈತನಿಗೆ ನೀರು ಬೇಕು. ಸರ್ವೋಚ್ಚ ನ್ಯಾಯಾಲಯದ ೨೦೧೮ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿಗೆ ೧೭೭.೨೫ ಟಿ.ಎಂ.ಸಿ. ಹರಿಯಬೇಕು, ಅಭಾವದ ವರ್ಷದಲ್ಲಿ ಕೊರತೆಯನ್ನೂ ಹಂಚಿಕೊಳ್ಳಬೇಕು. ಇವರೆಲ್ಲರಿಗಿಂತ ಮೊದಲು ತನ್ನ ಪಾಲನ್ನು ಕೇಳದೆ ತೆಗೆದುಕೊಳ್ಳುವವನು ಸೂರ್ಯ. ೧೦೦ ಚದರ ಕಿಲೋಮೀಟರ್ ಹರಹಿನ ಜಲಾಶಯದಿಂದ ದಿನಕ್ಕೆ ೫ ಮಿಲಿಮೀಟರ್ ಆವಿಯಾದರೆ ಹೋದ ನೀರು ೫೦ ಕೋಟಿ ಲೀಟರ್. ಇದು ಬೆಂಗಳೂರಿನ ದಿನದ ಕಾವೇರಿ ನೀರಿನ ಮೂರನೆಯ ಒಂದು ಪಾಲಿಗೂ ಮಿಗಿಲು.

ಆದುದರಿಂದ ಲೆಕ್ಕವನ್ನು ಜೂನ್ ತಿಂಗಳಿಂದ ಹಿಂದಕ್ಕೆ ಮಾಡಿಕೊಂಡು ಬರಬೇಕು. ಕುಡಿಯುವ ನೀರನ್ನು ಮೊದಲು ಮೀಸಲಿಟ್ಟು, ಉಳಿದರೆ ಮಾತ್ರ ನಾಲೆಗೆ ಬಿಡುವುದು ಕ್ರಮ. ಈ ಕ್ರಮದ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಬೆಲೆಯನ್ನು ತೆರುವವನು ಬೇಸಗೆ ಬೆಳೆಯನ್ನು ಕೈಬಿಡುವ ಅಚ್ಚುಕಟ್ಟಿನ ರೈತ. ಅದರಲ್ಲಿಯೂ ನಾಲೆಯ ಕೊನೆಯಲ್ಲಿರುವವನು. ನಲ್ಲಿ ತಿರುಗಿಸುವ ನಗರವಾಸಿಗೆ ಇದು ನೆನಪಿರಬೇಕು.

ಹಂಚಿಕೆಯ ವಿಜ್ಞಾನ

ಹಳ್ಳಿಗಳಲ್ಲಿ ಹಂಚಿಕೆಯ ಹೊಣೆ ಜಿಲ್ಲಾಧಿಕಾರಿ ಮತ್ತು ತಹಸೀಲ್ದಾರರದು. ೨,೦೦೦ ಜನರಿರುವ ಹಳ್ಳಿಯಲ್ಲಿ ತಲೆಗೆ ದಿನಕ್ಕೆ ೫೫ ಲೀಟರಿನಂತೆ ೧,೧೦,೦೦೦ ಲೀಟರ್ ಬೇಕು. ೬,೦೦೦ ಲೀಟರಿನ ಟ್ಯಾಂಕರ್ ದಿನಕ್ಕೆ ೧೯ ಸಲ ಬರಬೇಕಾಗುತ್ತದೆ! ಇದು ಎಲ್ಲ ಊರಿಗೂ ಆಗುವ ಮಾತಲ್ಲ. ಆದುದರಿಂದ ಮೊದಲು ಊರಿನಲ್ಲೇ ನೀರಿರುವ ಖಾಸಗಿ ಕೊಳವೆ ಬಾವಿಯನ್ನು ಬಾಡಿಗೆಗೆ ಪಡೆಯುತ್ತಾರೆ. ಟ್ಯಾಂಕರ್ ಕೊನೆಯ ಉಪಾಯ.

ಕರ್ನಾಟಕ ೧೯೯೯ರಲ್ಲಿ ಮಾಡಿದ ಕಾಯಿದೆಯೊಂದು ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ ೫೦೦ ಮೀಟರಿನೊಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡುವುದನ್ನು ತಡೆಯಿತು. ಮಳೆಯ ಸ್ಥಿತಿ ನೋಡಿ ಒಂದು ಪ್ರದೇಶವನ್ನು ನೀರಿನ ಅಭಾವದ ಪ್ರದೇಶವೆಂದು ಸಾರುವ ಅಧಿಕಾರವನ್ನೂ ಕೊಟ್ಟಿತು. ದೂರದ ಈ ನಿಯಮಕ್ಕೆ ಭೌತಿಕವಾದ ಕಾರಣವುಂಟು. ಬಾವಿಯಿಂದ ನೀರೆತ್ತಿದಾಗ ಸುತ್ತಲಿನ ಜಲಮಟ್ಟ ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಎರಡು ಆಲಿಕೆಗಳು ಒಂದನ್ನೊಂದು ಕೂಡಿದರೆ ಆಳದ ಬಾವಿ ಮೇಲಿನದನ್ನು ಬತ್ತಿಸುತ್ತದೆ.

ನಗರದಲ್ಲಿ ಉಪಾಯಗಳು ಬೇರೆ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದು, ತೋಟಕ್ಕೆ ಹಾಯಿಸುವುದು, ಕಟ್ಟಡ ಕಟ್ಟುವುದು ಮುಂತಾದುವನ್ನು ನಿಷೇಧಿಸಿ ೫,೦೦೦ ರೂಪಾಯಿ ದಂಡ ವಿಧಿಸಿತು. ಜಿಲ್ಲಾಡಳಿತವು ಟ್ಯಾಂಕರ್ ನೀರಿನ ದರವನ್ನು ಕಟ್ಟಿತು. ೫ ಕಿಲೋಮೀಟರಿನೊಳಗೆ ೬,೦೦೦ ಲೀಟರಿಗೆ ೬೦೦ ರೂಪಾಯಿ. ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಎಂಬ ಸಣ್ಣ ಜಾಲರಿಯನ್ನು ಕಡ್ಡಾಯ ಮಾಡಲಾಯಿತು. ಅದು ನೀರಿನ ಧಾರೆಯನ್ನು ಸಣ್ಣದಾಗಿಸಿ ಗಾಳಿ ಬೆರೆಸುತ್ತದೆ; ಕೈಗೆ ಧಾರೆ ತುಂಬಿದಂತೆಯೇ ತೋರುತ್ತದೆ, ಖರ್ಚಾಗುವ ನೀರು ಮಾತ್ರ ಕಡಿಮೆ.

ಇನ್ನೊಂದು ಉಪಾಯವನ್ನು ೨೦೧೮ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಟೌನ್ ನಗರ ವ್ಯಾಪಕವಾಗಿ ಬಳಸಿತು: ಕೊಳವೆಗಳಲ್ಲಿ ಒತ್ತಡವನ್ನು ತಗ್ಗಿಸುವುದು. ರಂಧ್ರದಿಂದ ನೀರು ಚಿಮ್ಮುವ ವೇಗ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ಟೊರಿಸೆಲ್ಲಿಯ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ೨೦ ಮೀಟರಿನ ಒತ್ತಡವನ್ನು ೧೦ ಮೀಟರಿಗೆ ಇಳಿಸಿದರೆ ನೆಲದೊಳಗಿನ ಸೋರಿಕೆ ಶೇಕಡ ೨೯ರಷ್ಟು ತಗ್ಗುತ್ತದೆ. ತಲೆಗೆ ದಿನಕ್ಕೆ ೫೦ ಲೀಟರಿನ ಮಿತಿಯನ್ನೂ ಹಾಕಿದ ಆ ನಗರ ೨೦೧೫ರಲ್ಲಿ ದಿನಕ್ಕೆ ಸುಮಾರು ೧೨೦ ಕೋಟಿ ಲೀಟರಿದ್ದ ತನ್ನ ಬಳಕೆಯನ್ನು ೨೦೧೮ರಲ್ಲಿ ಸುಮಾರು ೫೦ ಕೋಟಿಗೆ ಇಳಿಸಿ, ನಲ್ಲಿಗಳನ್ನೆಲ್ಲ ಮುಚ್ಚಬೇಕಾಗಿದ್ದ ದಿನವನ್ನು ತಪ್ಪಿಸಿಕೊಂಡಿತು. ಆದರೆ ಒತ್ತಡ ಇಳಿದಾಗ ನೀರು ಮೊದಲು ನಿಲ್ಲುವುದು ಎತ್ತರದ ಬೀದಿಗೆ, ಕೊಳವೆಯ ಕೊನೆಯ ಮನೆಗೆ. ನೆಲದಡಿಯ ತೊಟ್ಟಿಯೂ ಪಂಪೂ ಇರುವ ಮನೆಗೆ ಅದರ ಬಿಸಿ ತಟ್ಟುವುದಿಲ್ಲ. ಕೊಡ ಹಿಡಿದು ನಿಲ್ಲುವವರಿಗೆ ತಟ್ಟುತ್ತದೆ. ಅಂಥ ಬೀದಿಗಳನ್ನು ಗುರುತಿಸಿ ಬೇರೆ ವ್ಯವಸ್ಥೆ ಮಾಡುವುದೂ ಹಂಚಿಕೆಯ ಒಂದು ಭಾಗವೇ.

ದೊರೆತ ಕಾಲದ ಸದ್ವಿನಿಯೋಗ

ಮಾಪಕಗಳಿಂದ ನಮಗೆ ದೊರೆಯುವುದು ನೀರಲ್ಲ, ಕಾಲ. ಆ ಕಾಲ ಎಲ್ಲಿ ವ್ಯಯವಾಗುತ್ತದೆ ಎಂಬುದನ್ನೂ ನೋಡಬೇಕು. ೨೦೨೩ರ ಸೆಪ್ಟೆಂಬರಿನಲ್ಲಿ ಘೋಷಣೆಯಾಯಿತು. ಅಕ್ಟೋಬರಿನಲ್ಲಿ ಕೇಂದ್ರದ ತಂಡ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ ನೆರವು ಸುಮಾರು ೧೮,೧೭೧ ಕೋಟಿ ರೂಪಾಯಿ. ೨೦೨೪ರ ಜನವರಿಯಲ್ಲಿ ರಾಜ್ಯವು ತನ್ನ ಬೊಕ್ಕಸದಿಂದ ರೈತರಿಗೆ ೨,೦೦೦ ರೂಪಾಯಿಯವರೆಗಿನ ಮೊದಲ ಕಂತನ್ನು ಕೊಡತೊಡಗಿತು. ಮಾರ್ಚಿಯಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ಸುಮಾರು ೩,೪೫೦ ಕೋಟಿ ರೂಪಾಯಿ ಬಿಡುಗಡೆಯಾಯಿತು. ಯಾರ ವಾದ ಸರಿಯೆಂಬುದು ಈ ಲೇಖನದ ವಿಷಯವಲ್ಲ. ಹದಿನೈದು ನಿಮಿಷಕ್ಕೊಮ್ಮೆ ವರದಿಯೊಪ್ಪಿಸುವ ಉಪಕರಣಗಳಿಂದ ಆರಂಭವಾದ ಸರಪಳಿ ಕೇಂದ್ರದ ನೆರವಿನವರೆಗೆ ಮುಟ್ಟಲು ಘೋಷಣೆಯಾದ ಮೇಲೆ ಏಳು ತಿಂಗಳು ಹಿಡಿಯಿತೆಂಬುದು ಗಮನಾರ್ಹ. ಮಾಪನದ ವೇಗಕ್ಕೆ ತೀರ್ಮಾನದ ವೇಗ ಹೊಂದಿಕೊಳ್ಳದಿದ್ದರೆ, ಹಸಿವನ್ನು ಅಳೆದ ಹಿಂದಿನವರಿಗಿಂತ ನಾವು ಬಹಳ ಮುಂದೆ ಬಂದೆವೆಂದು ಹೇಳಿಕೊಳ್ಳುವಂತಿಲ್ಲ.

೨೦೨೪ರಲ್ಲಿ ಮುಂಗಾರು ಚೆನ್ನಾಗಿ ಬಂದಿತು. ಜುಲೈ ತಿಂಗಳಲ್ಲಿ ಕೃಷ್ಣರಾಜಸಾಗರ ತುಂಬಿತು. ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತದ ನೀರು ಬೆಂಗಳೂರಿನ ಹೊರವಲಯದ ಕಡೆಗೆ ಹರಿಯಿತು. ಮಳೆ ಬಂದೊಡನೆ ಬರದ ನೆನಪು ಅಳಿಯುವುದು ಸಹಜ. ಆದರೆ ಬರವನ್ನು ಅಳೆಯಲು ಬೇಕಾದ ವಾಡಿಕೆ ಎಂಬ ಅಂಕಿ ಹುಟ್ಟುವುದು ಒಳ್ಳೆಯ ವರ್ಷಗಳನ್ನೂ ಒಳಗೊಂಡ ದಾಖಲೆಯಿಂದಲೇ. ಈ ಕೆಲಸದಲ್ಲಿ ವಿದ್ಯಾರ್ಥಿಗಳೂ ಭಾಗಿಗಳಾಗಬಹುದು. ನೆಟ್ಟನೆಯ ಅಂಚಿನ ಒಂದು ಡಬ್ಬಿಯನ್ನು ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ಇಟ್ಟು ಪ್ರತಿದಿನ ಬೆಳಗ್ಗೆ ಒಂದೇ ಹೊತ್ತಿಗೆ ಅದರಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದರೆ ಅದೇ ಮಿಲಿಮೀಟರಿನಲ್ಲಿ ಮಳೆ. ಊರಿನ ತೆರೆದ ಬಾವಿಯೊಂದರಲ್ಲಿ ವಾರಕ್ಕೊಮ್ಮೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆಯೆಂದು ಬರೆದಿಡಬಹುದು. ಈ ಕೆಲಸವನ್ನು ಹಿರಿಯರ ಜೊತೆಯಲ್ಲಿಯೇ ಮಾಡಬೇಕು. ಶಾಲೆಯೊಂದು ಹತ್ತು ವರ್ಷ ಹೀಗೆ ಬರೆದಿಟ್ಟ ಪುಸ್ತಕ ಆ ಊರಿನ ಪಂಚಾಯತಿಗೆ ಬೇರೆಲ್ಲಿಯೂ ಸಿಗದ ಆಸ್ತಿಯಾಗುತ್ತದೆ. ಮುಂದೊಂದು ವರ್ಷ ಅಧಿಕಾರಿಗಳು ಹಳ್ಳಿಗೆ ಬಂದು, ಇಲ್ಲಿ ಬರವಿದೆಯೆ ಎಂದು ಕೇಳಿದಾಗ ಅದನ್ನು ಅವರ ಮುಂದೆ ತೆರೆದಿಡಬಹುದು.